ಅಂಗಡಿಯ ದಪ್ಪ ಪುಸ್ತಕ

(ಕರಕುಶಲ ವಸ್ತು ಮತ್ತು ಹಳೆಯ ಸಾಮಾನುಗಳ ಸಣ್ಣ ಅಂಗಡಿಯನ್ನು ಮನೆಮಂದಿ ಸೇರಿ ನಡೆಸುವುದರ ಕುರಿತು ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸಕ್ಕೆ ಸಾಮಾನ್ಯವಾಗಿ ವಿದ್ವಾಂಸರನ್ನು ಕರೆಯುವುದು ರೂಢಿ. ಈ ಸಲ ವಾಣಿಜ್ಯ ವಿಭಾಗವೂ ಇತಿಹಾಸ ವಿಭಾಗವೂ ಒಟ್ಟಿಗೆ ಸೇರಿ ಮೈಸೂರಿನ ಒಬ್ಬ ಅಂಗಡಿಯವಳನ್ನು ಕರೆದಿವೆ. ಎರಡು ವಿಭಾಗಗಳು ಕೈಜೋಡಿಸಿದ್ದು ಸರಿಯಾಗಿಯೇ ಇದೆ. ನಮ್ಮ ಕಸುಬಿನಲ್ಲಿ ಲೆಕ್ಕ ಬಾರದವರು ಬೇಗ ಬಾಗಿಲು ಹಾಕುತ್ತಾರೆ, ಚರಿತ್ರೆ ಬಾರದವರು ಒಂದಲ್ಲ ಒಂದು ದಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತಾರೆ.

ಅಂಗಡಿಯನ್ನು ಶುರುಮಾಡಿದವರು ನಮ್ಮ ಮಾವ ಮತ್ತು ಅತ್ತೆ. ಈಗ ನಡೆಸುತ್ತಿರುವವರು ನಾನು, ನಮ್ಮ ಯಜಮಾನರು ಮತ್ತು ಮೈದುನ. ಒಂದು ಗೋಡೆಗೆ ಚನ್ನಪಟ್ಟಣದ ಗೊಂಬೆ, ಬೀದರಿನ ಬಿದರಿ, ಬೀಟೆ ಮರದ ಇನ್ಲೇ ಕೆಲಸ, ಮೈಸೂರು ಶೈಲಿಯ ಚಿತ್ರ. ಎದುರಿನ ಗೋಡೆಗೆ ಹಿತ್ತಾಳೆ ದೀಪ, ಎಲೆಯಡಿಕೆ ಪೆಟ್ಟಿಗೆ, ಅಡಕತ್ತರಿ, ಅಳಗುಳಿಮಣೆ, ಕೀಲಿ ಕೊಡುವ ಗಡಿಯಾರ. ಎರಡು ಗೋಡೆಗಳ ನಡುವೆ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ. ಅಂಗಡಿಗೆ ಬಂದ ಪ್ರತಿ ವಸ್ತುವೂ ಅದರಲ್ಲಿ ದಾಖಲಾಗುತ್ತದೆ: ಯಾರಿಂದ ಬಂತು, ಯಾವ ಊರಿನದು, ಎಷ್ಟು ಕೊಟ್ಟೆವು, ಏನು ರಿಪೇರಿ ಮಾಡಿಸಿದೆವು, ಯಾರಿಗೆ ಹೋಯಿತು. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಇಂಥ ಅಂಗಡಿ ನಿಲ್ಲುವುದು ಸರಕಿನ ಮೇಲಲ್ಲ, ಆ ಪುಸ್ತಕದ ಮೇಲೆ. ಉಳಿದ ಮಾತೆಲ್ಲ ಇದರ ವಿವರಣೆ.

ಹಳೆಯದು ಎಲ್ಲಿಂದ ಬರುತ್ತದೆ

ಹಳೆಯ ಸಾಮಾನು ಮಾರುಕಟ್ಟೆಗೆ ಸುಮ್ಮನೆ ಬರುವುದಿಲ್ಲ. ಪ್ರತಿ ಸಲವೂ ಅದನ್ನು ಮನೆಯಿಂದ ಹೊರಗೆ ತಳ್ಳಿದ ಒಂದು ಕಾರಣವಿರುತ್ತದೆ, ಆ ಕಾರಣಗಳನ್ನು ಸಾಲಾಗಿ ಜೋಡಿಸಿದರೆ ನಾಡಿನ ಚರಿತ್ರೆಯೇ ಕಾಣುತ್ತದೆ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ, ಲೀಟರು ಜಾರಿಗೆ ಬಂದವು. ಸೇರು, ಅಚ್ಚೇರು, ಪಾವುಗಳಿಗೆ ಅಂಗಡಿಯಲ್ಲಿ ಕೆಲಸವಿಲ್ಲದಾಯಿತು. ಕೆಲವು ಅಡುಗೆಮನೆಯಲ್ಲಿ ಅಕ್ಕಿ ಅಳೆಯುತ್ತ ಉಳಿದವು, ಮಿಕ್ಕವು ಅಟ್ಟಕ್ಕೇರಿದವು. ಆಮೇಲೆ ಸ್ಟೀಲು ಬಂತು. ಕಲಾಯಿ ಹಾಕಿಸುವ ರಗಳೆ ಇಲ್ಲ, ಹುಣಸೆಹಣ್ಣಿನಲ್ಲಿ ತಿಕ್ಕುವ ಶ್ರಮವಿಲ್ಲ. ಹಿತ್ತಾಳೆ ಬಿಂದಿಗೆ, ಕಂಚಿನ ತಟ್ಟೆಗಳನ್ನು ತೂಕಕ್ಕೆ ಹಾಕಿ ಸ್ಟೀಲ್ ಪಾತ್ರೆ ತಂದ ಮನೆಗಳಿಗೆ ಲೆಕ್ಕವಿಲ್ಲ. ಗೀಸರು ಬಂದಾಗ ಬಚ್ಚಲಮನೆಯ ತಾಮ್ರದ ಹಂಡೆಯ ಸರದಿ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಯಾದ ಮೇಲೆ ಗೇಣಿಯ ಮೇಲೆ ನಿಂತಿದ್ದ ದೊಡ್ಡ ಮನೆಗಳನ್ನು ಸುಸ್ಥಿತಿಯಲ್ಲಿಡುವುದು ಅನೇಕರಿಗೆ ಕಷ್ಟವಾಯಿತು. ಅವಿಭಕ್ತ ಕುಟುಂಬಗಳು ಪಾಲಾದವು. ತೊಟ್ಟಿ ಮನೆ ಕೆಡವಿದಾಗ ಕಂಬ, ಬೋದಿಗೆ, ಬಾಗಿಲುವಾಡಗಳು ಲಾರಿ ಏರಿದವು. ಹಾಗೆ ಚದುರಿಹೋಗುತ್ತಿದ್ದ ಮನೆಗಳನ್ನು ಮನೆಯಾಗಿಯೇ ಉಳಿಸಬೇಕೆಂದು ಮಣಿಪಾಲದಲ್ಲಿ ಹಠ ತೊಟ್ಟು ಹಸ್ತಶಿಲ್ಪ ಗ್ರಾಮ ಕಟ್ಟಿದವರು ವಿಜಯನಾಥ ಶೆಣೈ. ಈ ಕಸುಬಿನವರು ಒಮ್ಮೆಯಾದರೂ ಅಲ್ಲಿಗೆ ಹೋಗಿ ಬರಬೇಕು. ಒಂದು ಕಂಬ ಅದರ ಮನೆಯಲ್ಲಿ ಹೇಗೆ ನಿಂತಿತ್ತೆಂದು ನೋಡಿದವರಿಗೇ ಬಿಡಿ ಕಂಬದ ಬೆಲೆಯೂ ನಷ್ಟವೂ ಗೊತ್ತಾಗುವುದು.

ಈಗಿನ ಅಲೆ ಅಪಾರ್ಟ್‌ಮೆಂಟಿನದು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ, ಸರಸ್ವತಿಪುರಂ ಅಥವಾ ಕುವೆಂಪುನಗರದ ಮನೆ ಬಿಲ್ಡರ್‌ಗೆ ಹೋಗಿರುತ್ತದೆ, ಹದಿನೈದು ದಿನದಲ್ಲಿ ಖಾಲಿ ಮಾಡಬೇಕು. ಫೋನು ಬರುತ್ತದೆ: “ಅಜ್ಜಿ ಸಾಮಾನು ಇದೆ, ಎಲ್ಲ ಒಟ್ಟಿಗೆ ತಗೊಂಡು ಹೋಗ್ತೀರಾ?”

ಇಲ್ಲಿಯೇ ಕಸುಬಿನ ಮೊದಲ ಪರೀಕ್ಷೆ. ಪ್ರತಿ ಲೋಹದ ವಸ್ತುವಿಗೂ ಎರಡು ಬೆಲೆ: ಗುಜರಿಯವರು ಕೊಡುವ ತೂಕದ ಬೆಲೆ ಒಂದು, ಅದನ್ನು ವಸ್ತುವಾಗಿ ಕೊಳ್ಳುವವರು ಕೊಡುವ ಬೆಲೆ ಇನ್ನೊಂದು. ನಮ್ಮ ಲಾಭ ಈ ಎರಡರ ನಡುವಿನ ಜಾಗದಲ್ಲಿದೆ, ಮೋಸವೂ ಅಲ್ಲೇ ಇದೆ. ಮಾರುವವರಿಗೆ ತೂಕದ ಬೆಲೆ ಮಾತ್ರ ಗೊತ್ತು, ನಮಗೆ ಎರಡೂ ಗೊತ್ತು. ನಮ್ಮ ಮಾವ ಹಾಕಿಕೊಟ್ಟ ಪದ್ಧತಿ ಹೀಗಿದೆ. ತೂಕಕ್ಕೆ ಹಾಕಿದರೆ ಎಷ್ಟು ಬರುತ್ತದೆಂದು ಮೊದಲು ಹೇಳಬೇಕು. ನಾವು ಎಷ್ಟಕ್ಕೆ ಮಾರಲು ನೋಡುತ್ತೇವೆಂದೂ ಹೇಳಬೇಕು. ಆಮೇಲೆ ನಮ್ಮ ಬೆಲೆ. ಎಲ್ಲ ಕೇಳಿ ಕೆಲವರು “ಹಾಗಾದರೆ ಬೇಡ, ಮನೆಯಲ್ಲೇ ಇರಲಿ” ಎಂದು ದೀಪವನ್ನು ವಾಪಸು ತೆಗೆದುಕೊಂಡು ಹೋಗುತ್ತಾರೆ. ಹೋಗಲಿ. ಅಂಥವರು ಇನ್ನೊಬ್ಬರಿಗೆ ನಮ್ಮ ವಿಳಾಸ ಹೇಳಿದ್ದೇ ಹೆಚ್ಚು.

ಅತ್ತೆಯದು ಇನ್ನೊಂದು ಕಟ್ಟಳೆ. ಹುಡುಗನೊಬ್ಬ ಚೀಲದಲ್ಲಿ ಬೆಳ್ಳಿ ಕುಂಕುಮಭರಣಿ ತಂದರೆ ಅವರ ಪ್ರಶ್ನೆ ಒಂದೇ: “ಮನೇಲಿ ಹಿರಿಯರು ಯಾರಿದ್ದಾರಪ್ಪ? ಅವರನ್ನೂ ಕರಕೊಂಡು ಬಾ.” ಮನೆಯ ಹಿರಿಯರಿಗೆ ತಿಳಿಯದೆ ಹೊರಬಿದ್ದ ವಸ್ತು ನಮ್ಮ ಮೇಜಿನ ಮೇಲೆ ಇಳಿಯುವುದಿಲ್ಲ. ಇಳಿದದ್ದರ ಜೊತೆ ಮಾರುವವರ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ, ಸಹಿ ಎಲ್ಲವೂ ದಪ್ಪ ಪುಸ್ತಕಕ್ಕೆ ಸೇರುತ್ತದೆ.

ವಸ್ತುವೂ ತಾನೇ ಸಾಕ್ಷಿ ಹೇಳುತ್ತದೆ. ನಮ್ಮ ಮನೆಗಳಲ್ಲಿ ಪಾತ್ರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುವ ಪದ್ಧತಿಯಿತ್ತು. ಮದುವೆಯ ಉಡುಗೊರೆ, ಗೃಹಪ್ರವೇಶದ ಕಾಣಿಕೆ, ಕೊಟ್ಟವರ ಹೆಸರು, ಕೆಲವೊಮ್ಮೆ ತಾರೀಖು ಕೂಡ. ಬಫಿಂಗ್ ಯಂತ್ರಕ್ಕೆ ಕೊಟ್ಟರೆ ಐದು ನಿಮಿಷದಲ್ಲಿ ಬಂಗಾರದಂತೆ ಹೊಳೆಯುತ್ತದೆ, ಹೆಸರೂ ಅಳಿಸಿಹೋಗುತ್ತದೆ. ನಾವು ಬಫಿಂಗ್‌ಗೆ ಕೊಡುವುದಿಲ್ಲ. ಆ ಬರಹವನ್ನು ಓದಿದಾಗ ದೇವಸ್ಥಾನದ ಅಥವಾ ಮಠದ ಹೆಸರು ಕಂಡರೆ ವಸ್ತುವನ್ನು ಮುಟ್ಟುವುದೂ ಇಲ್ಲ. ನಂದಾದೀಪ, ಪ್ರಭಾವಳಿ, ಉತ್ಸವಮೂರ್ತಿಗಳು ಮನೆಯ ಆಸ್ತಿಯಾಗಿ ಬರುವುದು ಅಪರೂಪ. ಬಂದರೆ ಕೇಳಬೇಕಾದ ಪ್ರಶ್ನೆಗಳು ಹತ್ತಾರು.

ಚದರಡಿಯ ಲೆಕ್ಕ

ವಾಣಿಜ್ಯ ವಿಭಾಗದ ಮಿತ್ರರೇ, ಈಗ ನಿಮ್ಮ ವಿಷಯ. ಹಳೆಯ ಸಾಮಾನಿನ ಅಂಗಡಿ ಎಂದರೆ ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುವುದು ಎಂದು ಎಲ್ಲರ ಎಣಿಕೆ. ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ.

200 ಚದರಡಿಯ ಅಂಗಡಿ, ತಿಂಗಳ ಬಾಡಿಗೆ 30,000 ರೂಪಾಯಿ. ಚದರಡಿಗೆ 150. ನೆಲದ ಮೇಲೆ ನಿಲ್ಲುವ ದೊಡ್ಡ ಹಿತ್ತಾಳೆ ದೀಪವನ್ನು 4,000 ರೂಪಾಯಿಗೆ ಕೊಂಡೆವು, ಬೆಸುಗೆ ಮತ್ತು ಮೆರುಗಿಗೆ 300. ಒಂದು ಚದರಡಿ ಜಾಗದಲ್ಲಿ ಎರಡು ವರ್ಷ ನಿಂತು 7,000ಕ್ಕೆ ಮಾರಾಟವಾಯಿತು. ಕೇಳುವವರಿಗೆ 2,700 ಲಾಭ. ಈಗ ಹೂಡಿದ 4,300ಕ್ಕೆ ವರ್ಷಕ್ಕೆ ಶೇಕಡಾ 12ರಂತೆ ಎರಡು ವರ್ಷದ ಬಡ್ಡಿ 1,032 ಸೇರಿಸಿ. ಆ ಚದರಡಿಯ ಎರಡು ವರ್ಷದ ಬಾಡಿಗೆ 3,600 ಸೇರಿಸಿ. ದೀಪ ನಮಗೆ ಬಿದ್ದದ್ದು 8,932 ರೂಪಾಯಿಗೆ. ಕೈಯಿಂದ ಹೋದದ್ದು 1,932. ಇದರಲ್ಲಿ ಕರೆಂಟು, ಸಂಬಳ, ತೆರಿಗೆ ಯಾವುದೂ ಸೇರಿಲ್ಲ.

ಅದೇ ಒಂದು ಚದರಡಿಯಲ್ಲಿ ಚನ್ನಪಟ್ಟಣದ ಆಟಿಕೆಗಳನ್ನು ಇಡಿ. 150ಕ್ಕೆ ತಂದದ್ದು 250ಕ್ಕೆ ಹೋಗುತ್ತದೆ, ತಿಂಗಳಿಗೆ ಇಪ್ಪತ್ತು ಹೋದರೆ 2,000 ರೂಪಾಯಿ ಉಳಿತಾಯ, ಜಾಗದ ಬಾಡಿಗೆ 150. ಬಂಡವಾಳ ತಿಂಗಳೊಳಗೆ ಕೈಗೆ ಮರಳುತ್ತದೆ.

ಹಾಗಾದರೆ ದೀಪ ಏಕೆ ಇಡಬೇಕು? ಗೊಂಬೆಯನ್ನಷ್ಟೇ ಮಾರಬಹುದಲ್ಲ? ಗೊಂಬೆ ಮಾರುವ ಅಂಗಡಿ ಬೀದಿಗೆ ಹತ್ತಿವೆ, ಸಯ್ಯಾಜಿರಾವ್ ರಸ್ತೆಯಲ್ಲಿ ಸರ್ಕಾರದ ಕಾವೇರಿ ಮಳಿಗೆಯೇ ಇದೆ. ನಮ್ಮ ಬಾಗಿಲಿಗೆ ಜನ ಬರುವುದು ಗಾಜಿನಾಚೆ ನಿಂತ ದೀಪ ನೋಡಿ. ಒಳಗೆ ಬಂದು ಗಡಿಯಾರ ತಿರುಗಿಸಿ, ಅಡಕತ್ತರಿ ಆಡಿಸಿ, ಅಳಗುಳಿಮಣೆಯ ಆಟ ಹೇಳಿಸಿಕೊಂಡು, ಹೋಗುವಾಗ ಮಗುವಿಗೊಂದು ಬುಗುರಿ ಕೊಳ್ಳುತ್ತಾರೆ. ಹೊಸದು ಬಾಡಿಗೆ ಕಟ್ಟುತ್ತದೆ, ಹಳೆಯದು ಗಿರಾಕಿಯನ್ನು ಕರೆತರುತ್ತದೆ. ಹಳೆಯದನ್ನು ಲಾಭಕ್ಕಾಗಿಯೇ ಇಡುವುದಾದರೆ ಎರಡು ದಾರಿ: ಚಿಕ್ಕದಾಗಿರಬೇಕು, ಇಲ್ಲವೇ ಬೇಗ ಹೋಗಬೇಕು. ಒಂದು ಗೂಡಿನಲ್ಲಿ ಹಿಡಿಸುವ ಮೂವತ್ತು ಅಡಕತ್ತರಿಗಳು ದೊಡ್ಡ ಮಂಚಕ್ಕಿಂತ ಒಳ್ಳೆಯ ಒಕ್ಕಲು.

ಮೈಸೂರಿನಂಥ ಪ್ರವಾಸಿ ಊರಿಗೆ ಇನ್ನೊಂದು ಖರ್ಚು ಅಂಟಿಕೊಂಡಿದೆ, ಗಿರಾಕಿಯನ್ನು ತಂದುಬಿಡುವವರ ಕಮಿಷನ್. ಅದನ್ನು ಕೊಡಬೇಕಾದರೆ ಬೆಲೆಯಲ್ಲಿ ಸೇರಿಸಲೇಬೇಕು. ಸೇರಿಸಿದರೆ ಊರಿನ ಗಿರಾಕಿ ಕೈಬಿಡುತ್ತಾನೆ. ನಾವು ಊರಿನವರನ್ನು ಆರಿಸಿಕೊಂಡೆವು. ಅದಕ್ಕೆ ನಮ್ಮದು ದಸರಾ ಜನಜಂಗುಳಿಗಿಂತ ಗೊಂಬೆ ಹಬ್ಬದ ಮುಂಚಿನ ಹದಿನೈದು ದಿನವನ್ನೇ ನೆಚ್ಚಿದ ವ್ಯಾಪಾರ. ಪಟ್ಟದ ಗೊಂಬೆ, ಕಿನ್ನಾಳದ ಗೊಂಬೆ, ಮರದ ಮೆಟ್ಟಿಲು, ಚಿಕ್ಕ ಹಿತ್ತಾಳೆ ಪಾತ್ರೆಗಳು. ಮನೆಮನೆಯಲ್ಲಿ ಗೊಂಬೆ ಕೂರಿಸುವವರು ವರ್ಷಕ್ಕೊಂದು ಹೊಸ ಗೊಂಬೆ ಸೇರಿಸುತ್ತಾರೆ, ವರ್ಷವೂ ಬರುತ್ತಾರೆ.

ನೂರು ವರ್ಷದ ಗೆರೆ

ಇನ್ನು ಕಾನೂನು. ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ 1972ರದು, ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ಅದರ ಪ್ರಕಾರ ನೂರು ವರ್ಷ ತುಂಬಿದ ಶಿಲ್ಪ, ಚಿತ್ರ, ಕುಶಲ ವಸ್ತು, ನಾಣ್ಯಗಳು ಪುರಾತನ ವಸ್ತುಗಳು. ಚಾರಿತ್ರಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಕಲ್ಲು, ಲೋಹ, ಮರದ ಶಿಲ್ಪಗಳು, ಚಿತ್ರಗಳು, ಚಿತ್ರವಿರುವ ಹಸ್ತಪ್ರತಿಗಳಂಥ ನಿರ್ದಿಷ್ಟ ಬಗೆಯವನ್ನು ಇಟ್ಟುಕೊಂಡವರು ನೋಂದಾಯಿಸಬೇಕು, ಕೈಬದಲಾದರೆ ತಿಳಿಸಬೇಕು. ದೇಶದ ಹೊರಗೆ ಸಾಗಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮತ್ತು ಅದು ಒಪ್ಪಿಸಿದ ಸಂಸ್ಥೆಗೆ ಮಾತ್ರ. ಪರವಾನಗಿ ಪಡೆದವರು ದಾಖಲೆ, ಛಾಯಾಚಿತ್ರ, ರಿಜಿಸ್ಟರ್ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ. ನೆಲ ಅಗೆಯುವಾಗ ಸಿಕ್ಕಿದ ನಾಣ್ಯದ ಗಡಿಗೆಯ ಕಥೆಯೇ ಬೇರೆ. ಅದಕ್ಕೆ ನಿಧಿ ಕಾಯ್ದೆ ಇದೆ, ಮೊದಲು ತಿಳಿಸಬೇಕಾದದ್ದು ಜಿಲ್ಲಾಡಳಿತಕ್ಕೆ.

ಸಣ್ಣ ಅಂಗಡಿಯವರು ಮರೆಯುವ ಸಂಗತಿಯೊಂದಿದೆ. ಈ ನೂರು ವರ್ಷದ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ. 1926ರಲ್ಲಿ ಮಾಡಿದ್ದು 2026ರಲ್ಲಿ ಗೆರೆ ದಾಟುತ್ತದೆ. ಕೊಂಡ ದಿನ ಬರೀ ಹಳೆಯ ಸಾಮಾನಾಗಿದ್ದದ್ದು ಕಪಾಟಿನಲ್ಲಿ ಕೂತಲ್ಲೇ ಪುರಾತನ ವಸ್ತುವಾಗಬಹುದು. ಅದನ್ನು ತಿಳಿಯಬೇಕಾದರೆ ವಸ್ತುವಿನ ವಯಸ್ಸನ್ನು ಎಲ್ಲಾದರೂ ಬರೆದಿರಬೇಕು. ನಾವು ಮಾಡಿಕೊಂಡ ನಿರ್ಧಾರ ಸರಳ: ಗೆರೆಯ ಈಚೆಯದನ್ನೇ ವ್ಯಾಪಾರ ಮಾಡುವುದು. ನಮ್ಮಲ್ಲಿ ಜನ ಬಹಳ ಪುರಾತನ ಎಂದುಕೊಳ್ಳುವ ದೀಪ, ಡಬ್ಬಿ, ಗಡಿಯಾರಗಳಲ್ಲಿ ಬಹುಪಾಲು ಐವತ್ತರಿಂದ ಎಂಬತ್ತು ವರ್ಷದವು. ಹಾಗೆಂದೇ ಚೀಟಿ ಬರೆಯುತ್ತೇವೆ. ವಯಸ್ಸು ಕಡಿಮೆ ಹೇಳಿದರೆ ವ್ಯಾಪಾರ ಕೆಡುತ್ತದೆ ಎನ್ನುವವರಿದ್ದಾರೆ. ನಿಜ ಹೇಳಬೇಕೆಂದರೆ, ವಿದೇಶಕ್ಕೆ ಒಯ್ಯುವ ಗಿರಾಕಿಗೆ ವಿಮಾನ ನಿಲ್ದಾಣದಲ್ಲಿ ಬೇಕಾಗುವುದೇ ವಸ್ತು ನೂರು ವರ್ಷದ್ದಲ್ಲ ಎಂಬ ಪುರಾವೆ. ಸಂದೇಹ ಬರುವಂಥದ್ದಾದರೆ ಪುರಾತತ್ವ ಇಲಾಖೆಯ ತಜ್ಞರಿಂದ ಅದು ಪುರಾತನವಲ್ಲವೆಂಬ ಪ್ರಮಾಣಪತ್ರ ಪಡೆಯಬೇಕು.

ಮೈಸೂರಿಗೇ ವಿಶೇಷವಾದ ಇನ್ನೊಂದು ಕಟ್ಟು ದಂತದ್ದು. ಅರಮನೆಯ ಅಂಬಾವಿಲಾಸದಲ್ಲಿ ದಂತದ ಕುಸುರಿ ಕೂರಿಸಿದ ಬೀಟೆ ಮರದ ಬಾಗಿಲನ್ನು ನೀವೆಲ್ಲ ನೋಡಿದ್ದೀರಿ. ಅದೇ ಕೆಲಸದ ಚಿಕ್ಕ ಪೆಟ್ಟಿಗೆ, ಫ್ರೇಮು, ಮೇಜುಗಳು ಈ ಊರಿನ ಹಳೆಯ ಮನೆಗಳಲ್ಲಿವೆ. ವನ್ಯಜೀವಿ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿ ದೇಶದ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು, 1991ರದು ಆಫ್ರಿಕಾದಿಂದ ತರಿಸಿದ ದಂತದ್ದನ್ನೂ. ವಸ್ತು ಎಷ್ಟೇ ಹಳೆಯದಾಗಲಿ, ದಂತದ ಚೂರು ಎಷ್ಟೇ ಚಿಕ್ಕದಾಗಲಿ, ಕೊಡುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಕಾನೂನುಬದ್ಧ ಒಡೆತನದ ಪತ್ರವಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬಹುದು, ವಾರಸುದಾರರಿಗೆ ಬರಬಹುದು, ಅಷ್ಟೆ. ಅಂಥ ಪೆಟ್ಟಿಗೆ ತಂದವರಿಗೆ ನಾವು ಕೊಡುವುದು ಅರಣ್ಯ ಇಲಾಖೆಯ ದಾರಿ ಮತ್ತು ಒಂದು ಲೋಟ ಕಾಫಿ. ಹತ್ತಿರದಿಂದ ನೋಡಲು ಕಲಿಯಬೇಕು: ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ನವಿರಾದ ಗೆರೆಗಳು, ಮೂಳೆಯಲ್ಲಿ ಕಪ್ಪು ಚುಕ್ಕಿಗಳು, ಪ್ಲಾಸ್ಟಿಕ್‌ನಲ್ಲಿ ಎರಡೂ ಇಲ್ಲ. ಈಗಿನ ಇನ್ಲೇ ಕೆಲಸಗಾರರು ಪ್ಲಾಸ್ಟಿಕ್ಕನ್ನೂ ಬಗೆಬಗೆ ಬಣ್ಣದ ಮರಗಳನ್ನೂ ಬಳಸುತ್ತಾರೆ.

ಆ ಬೀಟೆ ಮರಕ್ಕೂ ಅಂತರರಾಷ್ಟ್ರೀಯ ಕಟ್ಟಳೆಯಿದೆ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಳಿವಿನಂಚಿನ ಜೀವಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿ ಕರಕುಶಲ ರಫ್ತಿಗೆ ಪೆಟ್ಟು ಬಿತ್ತು. 2019ರಲ್ಲಿ 10 ಕಿಲೋವರೆಗಿನ ಸಿದ್ಧವಸ್ತುಗಳಿಗೆ ವಿನಾಯಿತಿ ಸಿಕ್ಕಿತು, ಆ ತೂಕವನ್ನು ಪ್ರತಿ ವಸ್ತುವಿಗೆ ಪ್ರತ್ಯೇಕವಾಗಿ ಎಣಿಸಬೇಕೆಂದು 2022ರಲ್ಲಿ ಸ್ಪಷ್ಟವಾಯಿತು. ಗೋಡೆಗೆ ತೂಗುಹಾಕುವ ಆನೆಯ ಫಲಕ ಮಾರುವ ಚಿಕ್ಕ ಅಂಗಡಿಗೂ ಇದು ಸಂಬಂಧಿಸಿದ ಸುದ್ದಿ.

ತೆರಿಗೆಯೂ ಪುಸ್ತಕಕ್ಕೇ ಬಂದು ನಿಲ್ಲುತ್ತದೆ. ಬಳಸಿದ ವಸ್ತುಗಳ ವ್ಯಾಪಾರಿ ಕೊಳ್ಳುವಾಗ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ಜಿಎಸ್‌ಟಿ ಕಟ್ಟಲು ನಿಯಮದಲ್ಲಿ ಅವಕಾಶವಿದೆ. ಯಾವ ವಸ್ತುವನ್ನು ಎಷ್ಟಕ್ಕೆ ಕೊಂಡಿರಿ ಎಂಬ ದಾಖಲೆಯಿಲ್ಲದವರಿಗೆ ಆ ಅನುಕೂಲ ದಕ್ಕುವುದು ಹೇಗೆ?

ಮೂಲ ಮುಚ್ಚಿದರೆ ಏನಾಗುತ್ತದೆ

ಪುಸ್ತಕವಿಲ್ಲದ ವ್ಯಾಪಾರ ದೊಡ್ಡ ಮಟ್ಟದಲ್ಲಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ನೆರೆಯ ತಮಿಳುನಾಡಿನ ಎರಡು ನಟರಾಜರ ಕಥೆ ಸಾಕು. ಶಿವಪುರಂ ಎಂಬ ಊರಲ್ಲಿ 1951ರಲ್ಲಿ ನೆಲದಡಿ ಸಿಕ್ಕಿದ ಚೋಳರ ಕಾಲದ ನಟರಾಜನನ್ನು ದುರಸ್ತಿಗೆಂದು ಕೊಟ್ಟರು. ದೇವಸ್ಥಾನಕ್ಕೆ ಮರಳಿದ್ದು ನಕಲು. ಮೂಲವನ್ನು 1973ರಲ್ಲಿ ಅಮೆರಿಕದ ನಾರ್ಟನ್ ಸೈಮನ್ ಪ್ರತಿಷ್ಠಾನ ಸುಮಾರು 9 ಲಕ್ಷ ಡಾಲರಿಗೆ ಕೊಂಡಿತ್ತು. ವ್ಯಾಜ್ಯ ನಡೆದು ಮೂರ್ತಿ ಭಾರತಕ್ಕೆ ಬಂದದ್ದು 1986ರಲ್ಲಿ. ಶ್ರೀಪುರಂತಾನಿನ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತು, 2014ರಲ್ಲಿ ಹಿಂತಿರುಗಿಸಿತು. ಮಾರಿದ ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್‌ಗೆ 2022ರಲ್ಲಿ ಕುಂಭಕೋಣಂ ನ್ಯಾಯಾಲಯ 10 ವರ್ಷ ಶಿಕ್ಷೆ ವಿಧಿಸಿತು. ಆ ಗ್ಯಾಲರಿಗೂ ಮೂಲಪತ್ರ ತೋರಿಸಲಾಗಿತ್ತು, ಅದು ಸುಳ್ಳು ಪತ್ರ. ಆದ್ದರಿಂದ ಕಾಗದವಿದ್ದರೆ ಸಾಲದು, ಕಾಗದದಲ್ಲಿರುವ ಮನೆಗೆ ಹೋಗಿ ಬಂದಿರಬೇಕು. ಸಣ್ಣ ಅಂಗಡಿಗೆ ಇರುವ ಒಂದೇ ಅನುಕೂಲ ಇದು. ನಮ್ಮ ಪುಸ್ತಕದ ವಿಳಾಸಗಳೆಲ್ಲ ಹೆಚ್ಚುಕಡಿಮೆ ಸ್ಕೂಟರಿನಲ್ಲಿ ಹೋಗಿ ಬರುವ ದೂರದಲ್ಲಿವೆ.

ಸಣ್ಣ ಮಟ್ಟದ ಮೋಸಗಳೂ ಹೇರಳ. ರವಿವರ್ಮನ ಮುದ್ರಣಾಲಯದ ಚಿತ್ರವೆಂದು ಮಾರುವ ಲಕ್ಷ್ಮಿ, ಸರಸ್ವತಿಯರಲ್ಲಿ ಎಷ್ಟೋ ಈಚಿನ ಅಚ್ಚು. ಭೂತಗನ್ನಡಿ ಹಿಡಿಯಿರಿ. ಕಲ್ಲಚ್ಚಿನ ಹಳೆಯ ಮುದ್ರಣದಲ್ಲಿ ಬಣ್ಣದ ಕಣಗಳು ಅಡ್ಡಾದಿಡ್ಡಿ ಹರಡಿರುತ್ತವೆ, ಆಫ್‌ಸೆಟ್‌ನಲ್ಲಿ ಚುಕ್ಕಿಗಳು ಸಾಲುಹಿಡಿದು ಹೂವಿನಾಕಾರದಲ್ಲಿ ಕೂತಿರುತ್ತವೆ. ಹಿತ್ತಾಳೆ ಕೊಳವೆಯ ಗ್ರಾಮಫೋನುಗಳಲ್ಲಿ ಬಹಳಷ್ಟು ಬೇರೆ ಬೇರೆ ಯಂತ್ರಗಳ ಬಿಡಿಭಾಗ ಸೇರಿಸಿ ಈಚೆಗೆ ಕಟ್ಟಿದವು, ಮೇಲೊಂದು ನಾಯಿಯ ಚಿತ್ರ. ಹೊಸ ಹಿತ್ತಾಳೆಗೆ ರಾಸಾಯನಿಕ ಬಳಿದು, ಮಣ್ಣಲ್ಲಿ ಹೂತು ಹಸಿರು ಕಿಲುಬು ತರಿಸುತ್ತಾರೆ. ಕಿಲುಬನ್ನು ನೋಡಬೇಡಿ, ಸವೆತವನ್ನು ನೋಡಿ. ನಿಜವಾಗಿ ಬಳಸಿದ ಚೊಂಬು ಬೆರಳು ಹಿಡಿಯುವ ಕಂಠದಲ್ಲಿ ಸವೆದಿರುತ್ತದೆ, ಅಡಕತ್ತರಿ ಹೆಬ್ಬೆರಳು ಒತ್ತುವಲ್ಲಿ. ಮುದಿತನ ತರಿಸುವವರು ಎಲ್ಲ ಕಡೆ ಒಂದೇ ಸಮ ಸವೆಸುತ್ತಾರೆ. ಬಿದರಿಯಲ್ಲಿಯೂ ಹೀಗೇ. ಸತು ಹೆಚ್ಚು, ತಾಮ್ರ ಸ್ವಲ್ಪ ಸೇರಿದ ಎರಕಕ್ಕೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಪ್ಪೇರಿಸಿದ್ದು ನಿಜವಾದ ಬಿದರಿ. ಕರಿಬಣ್ಣ ಬಳಿದ ಹಗುರ ಲೋಹವನ್ನು ಕೈಯಲ್ಲಿ ಹಿಡಿದರೆ ತೂಕವೇ ಹೇಳಿಬಿಡುತ್ತದೆ.

ಹಳೆಯದರಂತೆ ಮಾಡಿದ ಹೊಸದನ್ನು ಮಾರುವುದು ತಪ್ಪೇನಲ್ಲ. ಹೊಸದೆಂದು ಹೇಳಿ ಮಾರಬೇಕು. ನಮ್ಮ ಎರಡು ಗೋಡೆಗಳ ಸಾಮಾನು ಒಂದು ಕಡೆಯಿಂದ ಇನ್ನೊಂದಕ್ಕೆ ಹೋಗುವುದಿಲ್ಲ.

ಮಾಡುವವರ ಪಾಲು

ಹೊಸ ಗೋಡೆಯ ಮಾತಿಗೆ ಬರೋಣ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತಾಗ ಊರೂರು ಅಲೆದು ಕಸುಬುದಾರರನ್ನು ಹುಡುಕಿದರು. ಮಾಡುವವನಿಗೆ ಮಾರುಕಟ್ಟೆ ಸಿಗದೆ ಕಲೆ ಉಳಿಯದು ಎಂಬುದನ್ನು ಅವರಷ್ಟು ಗಟ್ಟಿಯಾಗಿ ನಂಬಿದವರು ಕಡಿಮೆ. ಆ ಮಾರುಕಟ್ಟೆಯ ಕೊನೆಯ ಮೇಜು ನಮ್ಮಂಥ ಅಂಗಡಿಗಳದು.

ಕಸುಬುದಾರರ ದೊಡ್ಡ ಕಷ್ಟ ಅಂಗಡಿಯವರ ಉದ್ರಿ. “ಮಾರಿದ ಮೇಲೆ ದುಡ್ಡು” ಎಂಬ ವ್ಯವಸ್ಥೆಯಲ್ಲಿ ನಮ್ಮ ಅಂಗಡಿಗೆ ಬಂಡವಾಳ ಹಾಕುತ್ತಿರುವವರು ಚನ್ನಪಟ್ಟಣದಲ್ಲಿ ಹಾಲೆ ಮರ ಕೊಂಡು, ಅರಗಿಗೆ ಬಣ್ಣ ಬೆರೆಸಿ, ಲೇತಿನ ಮುಂದೆ ಕೂತವರು. 2006ರ ಕಿರು ಉದ್ಯಮಗಳ ಕಾಯ್ದೆ ನೋಂದಾಯಿತ ಸಣ್ಣ ಉತ್ಪಾದಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆನ್ನುತ್ತದೆ. ನಮ್ಮ ಮಾವ ಕಾಯ್ದೆ ಬರುವ ಮುಂಚೆಯೇ ಮಾಲು ಇಳಿದ ದಿನ ಅರ್ಧ, ಬರುವ ಸಂತೆಗೆ ಅರ್ಧ ಕೊಡುತ್ತಿದ್ದರು. ಇದು ದಾನವಲ್ಲ, ಲೆಕ್ಕಾಚಾರ. ನಗದು ಕೊಡುವವರಿಗೆ ಒಳ್ಳೆಯ ಮಾಲು ಮೊದಲು ಸಿಗುತ್ತದೆ. ಕೇದಗೆಯ ಎಲೆಯಿಂದ ತಿಕ್ಕಿ ಮೆರುಗು ಬರಿಸಿದ ಗೊಂಬೆಗೂ ಅವಸರಕ್ಕೆ ವಾರ್ನಿಷ್ ಬಳಿದದ್ದಕ್ಕೂ ವ್ಯತ್ಯಾಸ ಕೈಗೆ ತಿಳಿಯುತ್ತದೆ.

ಇಲ್ಲಿಯೂ ಕಾಗದಪತ್ರವಿದೆ. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಐಎಸ್‌ಐ ಗುರುತು ಕಡ್ಡಾಯವಾಯಿತು. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿದ್ದಕ್ಕೆ ವಿನಾಯಿತಿಯಿದೆ. ಆದ್ದರಿಂದ ಗೊಂಬೆ ಯಾರು ಮಾಡಿದ್ದು ಎಂಬುದು ಅಂಗಡಿಯವರಿಗೆ ಗೊತ್ತಿರಲೇಬೇಕು. ಗೊತ್ತಿದ್ದ ಮೇಲೆ ಚೀಟಿಯ ಮೇಲೆ ಬರೆಯಲು ಏನು ಅಡ್ಡಿ? ಮಾಡಿದವರು ಒಪ್ಪಿದರೆ ನಮ್ಮಲ್ಲಿ ಅವರ ಹೆಸರಿಲ್ಲದೆ ವಸ್ತು ಹೊರಗೆ ಹೋಗುವುದಿಲ್ಲ. ಹೆಸರು ಹೇಳಿದರೆ ಗಿರಾಕಿ ನೇರವಾಗಿ ಅವರಲ್ಲಿಗೇ ಹೋಗುತ್ತಾನೆ ಎಂದು ಮೈದುನ ಮೊದಮೊದಲು ತಕರಾರು ತೆಗೆದ. ಕೆಲವರು ಹೋಗುತ್ತಾರೆ. ಹೋದವರು ಒಂದು ವಸ್ತು ಕೊಳ್ಳುತ್ತಾರೆ. ಹೆಸರು ನೋಡಿ ನಂಬಿ ನಮ್ಮಲ್ಲೇ ಕೊಳ್ಳುವವರು ಅದಕ್ಕಿಂತ ಹೆಚ್ಚು.

ಮನೆಯವರು, ಪಾಲು, ವಾರಸು

ಮನೆಮಂದಿಯ ಅಂಗಡಿ ಎಂದರೆ ಸಂಬಳ ಕೊಡಬೇಕಿಲ್ಲದ ಆಳುಗಳಿರುವ ಅಂಗಡಿ ಎಂದು ತಿಳಿದವರುಂಟು. ಅಂಥ ಅಂಗಡಿಯ ಲಾಭ ಸುಳ್ಳು ಲಾಭ. ಅತ್ತೆ ಜೀವಮಾನವಿಡೀ ಮೇಜಿನ ಹಿಂದೆ ಕೂತು ಲೆಕ್ಕ ಬರೆದರು, ಅವರ ಹೆಸರಿನಲ್ಲಿ ಒಂದು ಪೈಸೆ ಸಂಬಳ ಬಿದ್ದಿರಲಿಲ್ಲ. ನಾವು ಪಾಲುದಾರಿಕೆ ಪತ್ರ ಮಾಡಿಸಿದಾಗ ದುಡಿಯುವ ಮೂವರಿಗೂ ತಿಂಗಳ ಸಂಬಳ ಗೊತ್ತುಮಾಡಿ, ಉಳಿದದ್ದನ್ನು ಲಾಭವೆಂದು ಹಂಚಿಕೊಂಡೆವು. ಅಂಗಡಿ ನಿಜಕ್ಕೂ ಎಷ್ಟು ದುಡಿಯುತ್ತದೆ ಎಂಬುದು ಆ ವರ್ಷವೇ ತಿಳಿದದ್ದು. ನಾವೆಲ್ಲ ಅಂದುಕೊಂಡದ್ದಕ್ಕಿಂತ ಕಡಿಮೆ, ಆದರೆ ನಡೆಸಿಕೊಂಡು ಹೋಗಲು ಸಾಕಷ್ಟು.

ಬಟ್ಟೆ ಅಂಗಡಿಯನ್ನು ಅಣ್ಣತಮ್ಮಂದಿರು ಸುಲಭವಾಗಿ ಪಾಲುಮಾಡಿಕೊಳ್ಳಬಹುದು, ಥಾನಿನ ಮೇಲೆ ಬೆಲೆ ಇರುತ್ತದೆ. ಹಳೆಯ ಸಾಮಾನಿನ ಬೆಲೆ ಹಿರಿಯರ ತಲೆಯೊಳಗೆ. ಅವರು ಹೋದ ಮರುದಿನ ಐನೂರರ ಹಂಡೆಯೂ ಐವತ್ತು ಸಾವಿರದ ಬಿದರಿ ಹುಕ್ಕಾ ಬುಡವೂ ಮಕ್ಕಳ ಕಣ್ಣಿಗೆ ಒಂದೇ. ಜಗಳ ಹುಟ್ಟುವುದು ಆಸೆಯಿಂದ ಮಾತ್ರವಲ್ಲ, ಗೊತ್ತಿಲ್ಲದಿರುವುದರಿಂದ. ನಮ್ಮ ಮಾವ ತೀರಿಕೊಂಡಾಗ ಮನೆಯಲ್ಲಿ ಆ ಜಗಳ ಆಗಲಿಲ್ಲ. ಪುಸ್ತಕ ತೆರೆದೆವು, ಕೊಂಡ ಬೆಲೆ ಇತ್ತು, ವಯಸ್ಸಿತ್ತು, ಅವರು ಅಂದಾಜು ಮಾಡಿದ ಮಾರುವ ಬೆಲೆ ಪೆನ್ಸಿಲಿನಲ್ಲಿತ್ತು. ಬ್ಯಾಂಕಿನವರಿಗೆ ಸರಕಿನ ಪಟ್ಟಿ ಕೊಡಲೂ, ವಿಮೆ ಮಾಡಿಸಲೂ ಅದೇ ಆಧಾರವಾಯಿತು. ಈಗ ಪ್ರತಿ ನಮೂದಿನ ಜೊತೆ ಫೋಟೋ ಸೇರಿಸಿ ಕಂಪ್ಯೂಟರಿನಲ್ಲೂ ಇಡುತ್ತೇವೆ. ಕೈಬರಹದ ಪುಸ್ತಕವನ್ನೂ ನಿಲ್ಲಿಸಿಲ್ಲ, ಏಕೆಂದರೆ ಗಿರಾಕಿಯ ಮುಂದೆ ತೆರೆದು ತೋರಿಸುವುದು ಅದನ್ನೇ.

ಹೊಸದಾಗಿ ಶುರುಮಾಡುವವರು ಕೇಳುವ ಸಣ್ಣಪುಟ್ಟ ಪ್ರಶ್ನೆಗಳಿಗೂ ಉತ್ತರ ಹೇಳಿಬಿಡುತ್ತೇನೆ. ಮರದ ಸಾಮಾನು ಬಂದರೆ ನೇರವಾಗಿ ಅಂಗಡಿಯೊಳಗೆ ತರಬೇಡಿ, ಬೇರೆ ಕಡೆ ಕರಿ ಕಾಗದದ ಮೇಲೆ ಕೆಲವು ವಾರ ಇಡಿ. ಬಿಳಿ ಪುಡಿ ಉದುರಿದರೆ ಕುಟ್ಟೆ ಹುಳು ಇದೆಯೆಂದು ಅರ್ಥ, ಒಂದು ಕುರ್ಚಿ ಇಡೀ ಅಂಗಡಿಗೆ ಹಬ್ಬಿಸುತ್ತದೆ. ಸಾಲ ತಂದು ಹಳೆಯದನ್ನು ಕೊಳ್ಳಬೇಡಿ, ಬಡ್ಡಿಯ ಲೆಕ್ಕ ಆಗಲೇ ನೋಡಿದಿರಿ. ಸಾಲವೇನಿದ್ದರೂ ತಿಂಗಳಲ್ಲಿ ತಿರುಗುವ ಹೊಸ ಮಾಲಿಗಿರಲಿ. ಎಲ್ಲ ಬಗೆಯ ಹಳೆಯದನ್ನೂ ಇಡಲು ಹೋಗಬೇಡಿ. ದೀಪವೋ, ಬೀಗವೋ, ಅಡುಗೆಮನೆಯ ಸಾಮಾನೋ, ಒಂದನ್ನು ಆರಿಸಿ ಅದರಲ್ಲಿ ಊರಿಗೇ ತಿಳಿದವರಾಗಿ.

ಈ ಕಾಲೇಜಿಗೊಂದು ಕೋರಿಕೆ

ದತ್ತಿಯ ಹಣದಿಂದ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಅದರ ಜೊತೆಗೆ ಖರ್ಚಿಲ್ಲದ ಒಂದು ಕೆಲಸ ನಡೆಯಲಿ ಎಂದು ಕೇಳಿಕೊಳ್ಳುತ್ತೇನೆ. ಇತಿಹಾಸ ವಿಭಾಗದ ಪ್ರತಿ ವಿದ್ಯಾರ್ಥಿ ತನ್ನ ಮನೆಯ ಒಂದು ಹಳೆಯ ವಸ್ತುವನ್ನು ತೆಗೆದುಕೊಂಡು, ಅದರ ಮೇಲೆ ಕೊರೆದ ಹೆಸರು ಓದಿ, ಅಜ್ಜಿಯನ್ನು ಕೇಳಿ, ಯಾವಾಗ, ಯಾರಿಂದ, ಯಾವ ಕಾರಣಕ್ಕೆ ಮನೆಗೆ ಬಂತೆಂದು ಒಂದು ಪುಟ ಬರೆಯಲಿ. ವಾಣಿಜ್ಯ ವಿಭಾಗದವರು ಈ ಊರಿನ ಹಳೆಯ ಅಂಗಡಿಗಳ ಕಿರ್ದಿ ಪುಸ್ತಕಗಳನ್ನು, ಮಾಲೀಕರು ಒಪ್ಪಿದರೆ, ಫೋಟೋ ತೆಗೆದಿಡಲಿ. ಗೆದ್ದಲಿಗೂ ಗುಜರಿಗೂ ಹೋಗುತ್ತಿರುವ ಆ ಪುಸ್ತಕಗಳಲ್ಲಿ ನೂರು ವರ್ಷದ ಬೆಲೆ, ಉದ್ರಿ, ಬಡ್ಡಿ, ಕುಶಲಕರ್ಮಿಗಳ ಕೂಲಿ ಎಲ್ಲವೂ ಇವೆ.

ಇದರಲ್ಲಿ ನನಗೂ ಸ್ವಾರ್ಥವಿದೆ, ಮುಚ್ಚಿಡುವುದಿಲ್ಲ. ಬರೆದಿಟ್ಟ ವಸ್ತುವನ್ನು ಕದ್ದು ಮಾರುವುದು ಕಷ್ಟ. ಬರೆದಿಟ್ಟ ವಸ್ತುವಿನ ಬಗ್ಗೆ ಸುಳ್ಳು ಹೇಳುವುದು ಕಷ್ಟ. ಅದನ್ನು ಮನೆಯವರು ತೂಕಕ್ಕೆ ಹಾಕುವ ಮುನ್ನ ಒಂದು ಸಲ ಯೋಚಿಸುತ್ತಾರೆ. ಯೋಚಿಸಿ ಮನೆಯಲ್ಲೇ ಉಳಿಸಿಕೊಂಡರೆ ನಮಗೊಂದು ವ್ಯಾಪಾರ ಕಡಿಮೆಯಾಗುತ್ತದೆ, ಆಗಲಿ. ಮಾರಲೇಬೇಕಾಗಿ ಬಂದರೆ ಆ ಒಂದು ಪುಟವನ್ನೂ ಜೊತೆಗೆ ತನ್ನಿ. ವಸ್ತುವಿಗೆ ನಮ್ಮ ಅಂಗಡಿ ಕೊಡುವ ಬೆಲೆ ಆ ಪುಟದಿಂದಾಗಿ ಹೆಚ್ಚಾಗುತ್ತದೆ ಎಂದು ಈ ಸಭೆಯಲ್ಲಿ ಮಾತು ಕೊಡುತ್ತೇನೆ.